ಐದನೇ ಡ್ರಮ್ಮಿನ ಉಪ್ಪು

ಸಂಕ್ರಾಂತಿ ಮುಗಿದು ಮೂರು ವಾರವಾಗಿತ್ತು. ಬೆಳಗಿನಲ್ಲಿ ಇನ್ನೂ ಕಂಬಳಿ ಬಿಡಲು ಮನಸ್ಸಾಗದಷ್ಟು ಚಳಿ. ಹತ್ತು ಹೊಡೆಯುವುದರೊಳಗೆ ಬಿಸಿಲು ಬೆನ್ನಿಗೆ ಹತ್ತುತ್ತಿತ್ತು. ಬೆಳಗಾವಿಯಿಂದ ಖಾನಾಪುರಕ್ಕೆ ಹೋಗುವ ರಸ್ತೆಯಲ್ಲಿ, ಕಾರ್ಖಾನೆಗಳ ಸಾಲು ಮುಗಿದು ಕೆಂಪು ಮಣ್ಣು ಶುರುವಾಗುವ ಕಡೆ, ಮೇವಿನ ಬೆಳೆಗಳನ್ನು ಪರೀಕ್ಷಿಸುವ ನಾಲ್ಕೆಕರೆ ಹೊಲವಿತ್ತು. ಅದರ ಮೂಲೆಯ ತಗಡಿನ ಶೆಡ್ಡಿನ ಮುಂದೆ ಕೂತು ಭರಮಪ್ಪ ಉಪ್ಪು ತೂಗುತ್ತಿದ್ದ. ಆಳು ಫಕೀರವ್ವ ಪೈಪು ಹಿಡಿದು ಡ್ರಮ್ಮುಗಳಿಗೆ ಬಾವಿಯ ನೀರು ತುಂಬುತ್ತಿದ್ದಳು.

ಡ್ರಮ್ಮುಗಳು ಐದು, ಅವುಗಳ ಎದುರಿಗೆ ಹುಲ್ಲಿನ ಸಾಲುಗಳೂ ಐದು. ಮೊದಲ ಡ್ರಮ್ಮಿನಲ್ಲಿ ಬರೀ ಸಿಹಿನೀರು. ಎರಡನೆಯದಕ್ಕೆ ಅರ್ಧ ಕಿಲೋ ಉಪ್ಪು, ಮೂರನೆಯದಕ್ಕೆ ಒಂದು, ನಾಲ್ಕನೆಯದಕ್ಕೆ ಒಂದೂವರೆ, ಐದನೆಯದಕ್ಕೆ ಎರಡು. ಅಥಣಿ, ರಾಯಬಾಗದ ಕಡೆ ನೀರುಣಿಸಿ ಉಣಿಸಿ ಸವಳಾದ ಹೊಲಗಳಿವೆ; ಅಲ್ಲಿಯ ಬಾವಿ ನೀರನ್ನು ನಾಲಿಗೆಗೆ ಹಚ್ಚಿದರೆ ಮುಖ ಕಿವುಚಿಕೊಳ್ಳುತ್ತದೆ. ಅಂಥ ನೀರು ಕುಡಿದೂ ಬದುಕುವ ಮೇವು ಯಾವುದು ಎಂದು ಹುಡುಕುವುದು ಆ ಹೊಲದ ವಿಜ್ಞಾನಿ ಪ್ರಮಿಳಾ ಮೇಡಂ ಅವರ ಎರಡು ವರ್ಷದ ಕೆಲಸ. ಹತ್ತು ಹುಲ್ಲು ಸತ್ತಿದ್ದವು. ದೀಪಾವಳಿ ಆದಾಗಿನಿಂದ ಹನ್ನೊಂದನೇ ನಂಬರಿನ ಸರದಿ.

ಈ ಸರದಿಗೆ ಹೊಸದಾಗಿ ಬಂದ ಫಕೀರವ್ವನಿಗೆ ಈ ಕೆಲಸ ಮೊದಲ ದಿನದಿಂದಲೂ ಸೇರಿರಲಿಲ್ಲ.

"ಭರಮಣ್ಣಾ, ಉಪ್ಪು ಮಣ್ಣಿಗೆ ಚೆಲ್ಲಬಾರದೋ ಯಪ್ಪಾ. ಚೆಲ್ಲಿದವ್ರು ಸತ್ತ ಮ್ಯಾಲ ಒಂದೊಂದು ಹರಳು ಕಣ್ಣರೆಪ್ಪಿಲೆ ಆರಸಬೇಕಾಕ್ಕತಿ."

"ಇದು ಚೆಲ್ಲೂದಲ್ಲ ಫಕೀರವ್ವ. ಸಂಶೋಧನಾ."

"ಯಮನ ಮುಂದ ಹಂಗಂದ್ರ ಬಿಡ್ತಾನ?"

"ಬಿಡ್ತಾನ. ಇದು ಸರ್ಕಾರದ ಉಪ್ಪು."

ಭರಮಪ್ಪನ ಹುದ್ದೆಗೆ ಕ್ಷೇತ್ರ ಸಹಾಯಕ ಎಂದು ಹೆಸರು. ಇಪ್ಪತ್ತು ವರ್ಷದ ಸೇವೆಯಲ್ಲಿ ಅವನು ಕ್ಷೇತ್ರಕ್ಕೆ ಸಹಾಯ ಮಾಡಿದ್ದಕ್ಕಿಂತ ಕ್ಷೇತ್ರವೇ ಅವನಿಗೆ ಸಹಾಯ ಮಾಡಿದ್ದು ಹೆಚ್ಚು. ಹಾಗೆಂದು ಅವನು ಮೈಗಳ್ಳನಲ್ಲ. ನಾಲ್ಕು ಡ್ರಮ್ಮಿನವರೆಗೆ ಅವನಷ್ಟು ನಿಷ್ಠಾವಂತ ಮನುಷ್ಯ ಜಿಲ್ಲೆಯಲ್ಲಿ ಸಿಗುತ್ತಿರಲಿಲ್ಲ. ಉಪ್ಪನ್ನು ತಾನೇ ತೂಗಿ, ತಾನೇ ಸುರುವಿ, ಬಿದಿರಿನ ಕೋಲಿನಿಂದ ಕರಗುವ ತನಕ ತಿರುವುತ್ತಿದ್ದ. ಆದರೆ ನಾಲ್ಕನೆಯದು ಮುಗಿಯುವ ಹೊತ್ತಿಗೆ ಹನ್ನೊಂದಾಗುತ್ತಿತ್ತು. ಹನ್ನೊಂದಕ್ಕೆ ರಸ್ತೆಯಾಚೆಯ ಚಹಾದಂಗಡಿಯಲ್ಲಿ ಭಜಿ ಎಣ್ಣೆಗೆ ಬೀಳುತ್ತಿತ್ತು. ಆ ಸಪ್ಪಳ ಹೊಲದವರೆಗೆ ಯಾರಿಗೂ ಕೇಳುವುದಿಲ್ಲ, ಭರಮಪ್ಪನಿಗೆ ಕೇಳುತ್ತಿತ್ತು.

"ಫಕೀರವ್ವ, ಇದೊಂದು ನೀನ ಹಾಕಿ ತಿರುವಿಬಿಡು. ಎರಡು ಕಿಲೋ ತೂಗಿಟ್ಟೇನಿ," ಎಂದು ಕೈ ಜಾಡಿಸಿಕೊಂಡು ಹೊರಡುತ್ತಿದ್ದ.

ಡ್ರಮ್ಮಿನ ನೀರು ಎಷ್ಟು ಸವಳಾಗಿದೆ ಎಂದು ತೋರಿಸುವ, ಪೆನ್ನಿನಂಥದೊಂದು ಮೀಟರು ಶೆಡ್ಡಿನಲ್ಲಿತ್ತು. ವಾರಕ್ಕೊಮ್ಮೆ, ಸೋಮವಾರ, ಅದನ್ನು ಐದೂ ಡ್ರಮ್ಮಿಗೆ ಅದ್ದಿ ಬಂದ ಅಂಕಿಯನ್ನು ರಜಿಸ್ಟರಿನಲ್ಲಿ ಬರೆಯಬೇಕು. ಮೊದಲ ಸೋಮವಾರ ಐದೂ ಡ್ರಮ್ಮಿಗೆ ತಾನೇ ಉಪ್ಪು ಹಾಕಿ ಭರಮಪ್ಪ ಅದ್ದಿದ. ಎರಡನೇ ಡ್ರಮ್ಮಿನಿಂದ ಮುಂದಕ್ಕೆ ನಾಲ್ಕು, ಎಂಟು, ಹನ್ನೆರಡು, ಹದಿನಾರು ಎಂದು ಬಂತು. ಎರಡನೇ ವಾರ ಮೀಟರಿನ ಸೆಲ್ಲು ಸತ್ತಿತು. ಹೊಸದು ತರಿಸಬೇಕೆಂದರೆ ಅರ್ಜಿ ಬರೆಯಬೇಕು, ಅರ್ಜಿ ಬರೆದರೆ ಹಳೆಯದು ಹೇಗೆ ಸತ್ತಿತು ಎಂದು ಕೇಳುತ್ತಾರೆ. ನೀರು ಅದೇ, ಉಪ್ಪು ಅದೇ, ತೂಕ ಅದೇ. ಅಂಕಿ ಬದಲಾಗಲು ಅದೇನು ಎಮ್ಮೆಯ ಹಾಲೇ? ಹೀಗೆ ತರ್ಕಿಸಿ ಭರಮಪ್ಪ ಪ್ರತಿ ಸೋಮವಾರ ಬೇವಿನ ಮರದ ಕೆಳಗೆ ಕೂತು ನಾಲ್ಕು, ಎಂಟು, ಹನ್ನೆರಡು, ಹದಿನಾರು ಎಂದು ದುಂಡಾಗಿ ಬರೆದ. ಅವನ ಅಕ್ಷರ ಚೆಂದವಿತ್ತು.

ಇಷ್ಟರಲ್ಲಿ ಎರಡು ಚೋದ್ಯ ನಡೆದವು. ಐದು ವಾರಕ್ಕೆ ಮುಗಿಯಬೇಕಾದ ಉಪ್ಪಿನ ಚೀಲ ಎಂಟು ವಾರ ಬಂತು. ಭರಮಪ್ಪ ಇದನ್ನು ತನ್ನ ಕೈಯ ಬಿಗಿ ಎಂದು ಮೇಡಂಗೆ ವರದಿ ಮಾಡಿದ. ಯಾವುದೋ ಮೀಟಿಂಗಿನ ಗಡಿಬಿಡಿಯಲ್ಲಿದ್ದ ಅವರು "ಚಲೋ ಆತು" ಎಂದು ನಡೆದರು. ಇನ್ನೊಂದು ಚೋದ್ಯ ಹೊಲದಲ್ಲಿತ್ತು. ಎರಡನೇ ಸಾಲು ಮಾಸಿತು. ಮೂರನೆಯದು ಕುಗ್ಗಿತು. ನಾಲ್ಕನೆಯದರ ತುದಿ ಸುಟ್ಟಿತು. ಐದನೆಯದು ಮಾತ್ರ, ತಿಪ್ಪೆಗುಂಡಿಯ ಪಕ್ಕದ ಆ ಕೊನೆಯ ಸಾಲು, ಮದುವೆಮನೆಯ ಚಪ್ಪರದ ಹಾಗೆ ಹಸಿರಾಗಿ ಎದೆಮಟ್ಟ ನಿಂತಿತು.

ಪ್ರಮಿಳಾ ಮೇಡಂ ಆ ಸಾಲಿನ ಮುಂದೆ ಕಾಲು ಗಂಟೆ ನಿಂತರು. ಎಲೆ ಮುಟ್ಟಿದರು, ಬುಡದ ಮಣ್ಣು ಮೂಸಿದರು.

"ಭರಮಪ್ಪ, ಇದಕ್ಕ ಎರಡು ಕಿಲೋ ಹಾಕಾಕತ್ತೀರಿ?"

"ಹೌದ್ರಿ ಮೇಡಂ. ಒಂದು ಹರಳು ಹೆಚ್ಚಿಲ್ಲ, ಒಂದು ಹರಳು ಕಡಿಮಿಲ್ಲ."

"ಮೀಟರು?"

"ಹದಿನಾರ್ರಿ. ಯಾವಾಗಲೂ ಹದಿನಾರ."

ಮೇಡಂ ರಜಿಸ್ಟರು ತಿರುವಿದರು. ಹನ್ನೆರಡು ಸೋಮವಾರ, ಹನ್ನೆರಡು ಹದಿನಾರು. ಅವರ ಹುಬ್ಬು ಒಂದಿಷ್ಟು ಮೇಲೇರಿತು. ಆದರೆ ಎರಡು ವರ್ಷ ಸತ್ತ ಹುಲ್ಲು ನೋಡಿದ ಕಣ್ಣು ಹಸಿರಿನಿಂದ ಸುಲಭವಾಗಿ ಕಿತ್ತು ಬರಲಿಲ್ಲ. ಯುಗಾದಿ ಆದ ಮೇಲೆ ಧಾರವಾಡದಿಂದ ದೊಡ್ಡ ಸಾಹೇಬರನ್ನು ಕರೆಸಿ ತೋರಿಸುತ್ತೇನೆ, ಅಲ್ಲಿಯವರೆಗೆ ಯಾರಿಗೂ ಹೇಳಬೇಡಿ ಎಂದರು. ಯಾರಿಗೂ ಹೇಳಬೇಡಿ ಎಂಬ ಮಾತು ಭರಮಪ್ಪನ ಕಿವಿಯೊಳಗೆ ಹೋಗಿ, ಹೇಳಲು ಯಾರಿದ್ದಾರೆ ಎಂದು ಹುಡುಕಿತು.

ಇದ್ದರು. ನಂದಗಡದಲ್ಲಿ ಮಾವ ರಾಯಪ್ಪ ಇದ್ದ.

ಶಿವರಾತ್ರಿಯ ಹಿಂದಿನ ದಿನ ಭರಮಪ್ಪ ನಂದಗಡದ ಬಸ್ಸು ಹತ್ತಿದ. ಮೈಮೇಲೆ ಬಿಳಿ ಕೋಟು. ಸವಳು ನೀರು ಸಿಡಿದು ಅಂಗಿ ಹಾಳಾಗದಿರಲಿ ಎಂದು ಮೇಡಂ ಕೊಟ್ಟ ಹಳೆಯ ಕೋಟು ಅದು; ಹೆಂಡತಿ ಸಂಗವ್ವನ ಕೈಯಿಂದ ಒಗೆಸಿ, ಇಸ್ತ್ರಿ ಮಾಡಿಸಿ, ಜೇಬಿನ ಶಾಯಿ ಕಲೆ ಕಾಣದ ಹಾಗೆ ಅಲ್ಲೊಂದು ಪೆನ್ನು ಸಿಗಿಸಿದ್ದ. ಕಂಕುಳಲ್ಲಿ ಒದ್ದೆ ಗೋಣಿಯಲ್ಲಿ ಸುತ್ತಿದ ಹನ್ನೊಂದನೇ ನಂಬರಿನ ನೂರು ಕಡ್ಡಿ. ಐದನೇ ಸಾಲಿನಿಂದ ಮುರಿದದ್ದು, ಯಾರಿಗೂ ಹೇಳದೆ.

ರಾಯಪ್ಪನ ಮನೆ ನಾಲ್ಕು ಎಮ್ಮೆಗಳ ಹಾಲಿನ ಮೇಲೆ ನಿಂತಿತ್ತು. ಆ ನಾಲ್ಕು ಎಮ್ಮೆಗಳು ಬೇಸಿಗೆಯಲ್ಲಿ ಬಾವಿಯ ಬಾಜೂಕಿನ ಅರ್ಧ ಎಕರೆ ಹಸಿ ಮೇವಿನ ಮೇಲೆ ನಿಂತಿದ್ದವು. ಆ ಅರ್ಧ ಎಕರೆಯಲ್ಲಿ ಹಳೆಯ ನೇಪಿಯರ್ ಹುಲ್ಲು ಏಳು ವರ್ಷದಿಂದ ಯಾರ ಸಂಶೋಧನೆಯೂ ಇಲ್ಲದೆ ಸುಖವಾಗಿ ಬೆಳೆಯುತ್ತಿತ್ತು.

"ಬರ್ರಿ ಅಳಿಯಾರ, ಬರ್ರಿ," ಎಂದು ಎದ್ದ ರಾಯಪ್ಪ ಕೋಟು ನೋಡಿ ನಡುವೆಯೇ ನಿಂತ. "ಏನಿದು, ಡಾಕ್ಟರಕಿ ಹಿಡದೀರೇನು?"

"ಇಲ್ರಿ ಮಾವಾರ. ಸಂಶೋಧನಾದಾಗ ಇದನ್ನ ಹಾಕ್ಕೋಬೇಕಾಕ್ಕತಿ."

ಅಲ್ಲಿಯೇ ಕಟ್ಟೆಯ ಮೇಲೆ ಎಲೆಯಡಿಕೆ ಹಾಕುತ್ತಿದ್ದ ಕಿರಾಣಿ ಅಂಗಡಿಯ ಕಲ್ಲಯ್ಯ ಜಾಗ ಬಿಟ್ಟುಕೊಟ್ಟ. "ಕುಂದರ್ರಿ ಸಾಹೇಬ್ರ," ಎಂದ. ಒಂದು ನಿಮಿಷದ ಹಿಂದೆ ಅಳಿಯನಾಗಿದ್ದವನು ಸಾಹೇಬನಾದ. ಅಳಿಯನ ಪಟ್ಟ ಮದುವೆ ಮಾಡಿಕೊಂಡವರಿಗೆಲ್ಲ ಸಿಗುತ್ತದೆ. ಸಾಹೇಬನ ಪಟ್ಟ ಹಾಗಲ್ಲ. ಭರಮಪ್ಪ ಕೋಟಿನ ಅಂಚು ಮುದುರದ ಹಾಗೆ ಕೂತು ಕಡ್ಡಿಗಳ ಗಂಟು ಬಿಚ್ಚಿದ.

"ಉಪ್ಪಿನ ನೀರಾಗ ಬೆಳಿಯೋ ಹುಲ್ಲು ಇದು, ಮಾವಾರ. ನಾವ ಕಂಡುಹಿಡದೇವಿ."

"ಉಪ್ಪಿನ ನೀರಾಗ?" ರಾಯಪ್ಪ ಒಂದು ಕಡ್ಡಿ ಎತ್ತಿ ತಿರುವಿ ನೋಡಿದ. "ಸಿಹಿನೀರು ಹಾಕಿದ್ರ?"

"ಬೆಳೀತೈತಿ. ಆದ್ರ ಉಪ್ಪು ಹೆಚ್ಚು ಹಾಕಿದ ಸಾಲ ಎಲ್ಲಾಕ್ಕಿಂತ ಹಸರ ಐತಿ. ನನ್ನ ಎದಿಮಟ್ಟ."

ಕಲ್ಲಯ್ಯ ತಲೆದೂಗಿದ. "ಹಂಗಾರ ಉಪ್ಪ ಅದರ ಗೊಬ್ಬರ ಅನ್ರಿ."

ಇಲ್ಲಿ ಭರಮಪ್ಪ ಒಂದು ಮಾತು ಹೇಳಬೇಕಾಗಿತ್ತು. ತಾಳಿಕೊಳ್ಳುವುದು ಬೇರೆ, ಬೇಡುವುದು ಬೇರೆ; ಸೊಸೆ ಅತ್ತೆಯ ಬೈಗುಳ ತಾಳಿಕೊಳ್ಳುತ್ತಾಳೆಂದರೆ ಬೈಗುಳವೇ ಅವಳ ಊಟ ಎಂದರ್ಥವಲ್ಲ. ಇದು ಅವನಿಗೆ ಗೊತ್ತಿತ್ತು. ಪ್ರಮಿಳಾ ಮೇಡಂ ಹತ್ತು ಸಲ ಹೇಳಿದ್ದರು. ಆದರೆ ಅತ್ತೆ ಸತ್ಯವ್ವ ಹಿತ್ತಾಳೆಯ ತಂಬಿಗೆ ಬಿಟ್ಟು, ಬೀಗರಿಗೆಂದು ಇಟ್ಟ ಸ್ಟೀಲಿನ ತಟ್ಟೆಯಲ್ಲಿ ನೀರಿನ ಗ್ಲಾಸು ಇಟ್ಟು ತಂದಿದ್ದಳು. ಆ ತಟ್ಟೆಯ ಮುಂದೆ ಸಣ್ಣ ಮಾತು ಬಾಯಿಗೆ ಬರಲಿಲ್ಲ.

"ಒಂದು ಥರಾ ಹಂಗ ಅನ್ನಬೋದು," ಎಂದ.

ರಾಯಪ್ಪ ಲೆಕ್ಕ ಹಾಕಿದ. ಎಮ್ಮೆಗೆ ಹೇಗೂ ದಿನಾ ಒಂದು ಹಿಡಿ ಉಪ್ಪು ನೆಕ್ಕಿಸಬೇಕು. ಅದನ್ನು ಹುಲ್ಲಿಗೇ ಕುಡಿಸಿಬಿಟ್ಟರೆ ಒಂದೇ ಕೆಲಸದಲ್ಲಿ ಎರಡು ಕೆಲಸ. "ಎಷ್ಟು ಹಾಕಬೇಕ್ರಿ ಸಾಹೇಬ್ರ?"

"ಇನ್ನೂರು ಲೀಟರ್ ಡ್ರಮ್ಮಿಗೆ ಎರಡು ಕಿಲೋ. ವಾರಕ್ಕ ಎರಡು ಸಲ."

"ಬಾಜೂಕಿನ ಹಳೀ ಹುಲ್ಲಿಗೂ ಹಾಕಬೋದ?"

ಭರಮಪ್ಪ ಪೆನ್ನು ತೆಗೆದು, ನೋಡಿ, ಮತ್ತೆ ಜೇಬಿಗೆ ಸಿಗಿಸಿದ. ಪ್ರಶ್ನೆ ಕಠಿಣವಾದಾಗ ದೊಡ್ಡ ಸಾಹೇಬರು ಹಾಗೆ ಮಾಡುವುದನ್ನು ಅವನು ನೋಡಿದ್ದ. "ಹಾಕ್ರಿ. ಹುಲ್ಲು ಅಂದ್ರ ಎಲ್ಲಾ ಒಂದ ಜಾತಿ."

ಕಲ್ಲಯ್ಯ ಎದ್ದು ನಿಂತ. "ನನ್ನ ಅಂಗಡ್ಯಾಗ ಖಡಿ ಉಪ್ಪು ಮೂರು ಚೀಲ ಬಿದ್ದಾವು, ರಾಯಪ್ಪಣ್ಣ. ನಿನಗಂತನ ಕಾದಿದ್ವು ಅಂತ ಕಾಣಸ್ತೈತಿ."

ಹಬ್ಬ ಮುಗಿದ ವಾರ ಫೋನು ಬಂತು. ಭರಮಪ್ಪ ಚಹಾದಂಗಡಿಯಲ್ಲಿದ್ದ.

"ಸಾಹೇಬ್ರ, ಎಲಿ ತುದಿ ಹಳದಿ ಆಗಾಕತ್ತಾವು."

"ಮದ್ಲ ಹಂಗ ಕಾಣ್ತೈತಿ ಮಾವಾರ. ಹುಲ್ಲು ಉಪ್ಪಿಗೆ ರೂಢಿ ಆಗಬೇಕಲ್ಲ? ನಮ್ಮೂರಾಗಿನ ಮಂದಿ ಬೆಳಗಾವಿ ನೀರಿಗೆ ಬಂದ್ರ ಎಂಟು ದಿನ ನೆಗಡಿ ಬರೂದಿಲ್ಲೇನು, ಹಂಗ."

ಹತ್ತು ದಿನಕ್ಕೆ ಮತ್ತೊಂದು ಫೋನು. "ಸಾಹೇಬ್ರ, ತುದಿ ಸುಟ್ಟು ಕರ್ರಗಾತು. ಎಮ್ಮಿ ಮೂಸಿ ಮಾರಿ ತಿರುವತಾವು."

ಭರಮಪ್ಪ ಅಂಗಡಿಯ ಬಾಗಿಲಿನಿಂದ ಕತ್ತು ಚಾಚಿ ನೋಡಿದ. ರಸ್ತೆಯಾಚೆ ಐದನೇ ಸಾಲು ಗಾಳಿಗೆ ತೂಗುತ್ತ ನಿಂತಿತ್ತು. ಕಣ್ಣಾರೆ ಕಂಡದ್ದನ್ನು ಬಿಟ್ಟು ಫೋನಿನ ಮಾತು ನಂಬುವುದು ಹೇಗೆ?

"ಎಷ್ಟು ಹಾಕಾಕತ್ತೀರಿ?"

"ನೀವು ಹೇಳಿದಂಗ ಎರಡ ಕಿಲೋ."

"ಪುಡಿಯೋ, ಖಡಿಯೋ?"

"ಖಡಿ."

"ಹಾಂ! ಅದಕ್ಕ. ಖಡಿ ಪೂರಾ ಕರಗೂದಿಲ್ಲ. ಎರಡೂವರಿ ಮಾಡ್ರಿ."

ಅತ್ತ ಕಡೆ ಇದ್ದವನು ಅರವತ್ತು ವರ್ಷ ಮಣ್ಣಿನಲ್ಲಿ ಕೈಯಿಟ್ಟ ಮನುಷ್ಯ. ಏನೋ ಸರಿಯಿಲ್ಲ ಎಂದು ಅವನಿಗೆ ಗೊತ್ತಿತ್ತು. ಆದರೆ ಆ ಮನುಷ್ಯ ಬಿಳಿ ಕೋಟನ್ನೂ ನೋಡಿದ್ದ.

"ಆತ್ರಿ ಸಾಹೇಬ್ರ," ಎಂದಿತು ಫೋನು. "ನೀವು ತಿಳದವ್ರು."

ಯುಗಾದಿ ಕಳೆದ ಎರಡನೇ ಗುರುವಾರ ದೊಡ್ಡ ಸಾಹೇಬರು ಬಂದರು. ಹೊಲದ ದಾರಿಗೆ ಸುಣ್ಣದ ಗೆರೆ ಹೊಡೆದಿತ್ತು. ಭರಮಪ್ಪ ಕೋಟು ತೊಟ್ಟು, ರಜಿಸ್ಟರನ್ನು ಹೊಸ ಕೂಸಿನ ಹಾಗೆ ಎದೆಗವಚಿಕೊಂಡು ನಿಂತಿದ್ದ. ಫಕೀರವ್ವ ಬೆಳಿಗ್ಗೆಯೇ ಐದೂ ಡ್ರಮ್ಮು ತುಂಬಿಸಿ, ತಲೆ ತುಂಬ ಸೆರಗು ಹೊದ್ದು, ಬೇವಿನ ಮರದ ಮರೆಗೆ ಸರಿದಿದ್ದಳು.

ಸಾಹೇಬರು ಐದನೇ ಸಾಲು ನೋಡಿ "ಅಬಬಬ" ಎಂದರು. ಪ್ರಮಿಳಾ ಮೇಡಂ ಮುಖ ಎಷ್ಟೋ ತಿಂಗಳ ಮೇಲೆ ಅರಳಿತು. ಭರಮಪ್ಪನ ಮುಖ ಅದಕ್ಕಿಂತ ಹೆಚ್ಚು ಅರಳಿತು.

ಅದೇ ಹೊತ್ತಿಗೆ ಗೇಟಿನಲ್ಲಿ ಒಂದು ಟಂಟಂ ಗಾಡಿ ನಿಂತಿತು. ರಾಯಪ್ಪ ಇಳಿದ, ಹಿಂದಿನಿಂದ ಕಲ್ಲಯ್ಯ. ರಾಯಪ್ಪನ ಹೆಗಲ ಮೇಲೆ ಒಂದು ಹೊರೆ ಹುಲ್ಲು. ಹುಲ್ಲೆನ್ನುವುದು ಅಭ್ಯಾಸದಿಂದ, ಒಲೆಗೆ ಹಾಕುವ ಕಸಬರಿಗೆ ಅದಕ್ಕಿಂತ ಹಸಿರಾಗಿರುತ್ತದೆ.

"ಯಾರಿವ್ರು?" ಎಂದರು ಸಾಹೇಬರು.

"ನಮ್ಮ ಸಾಹೇಬ್ರನ್ನ ನೋಡಾಕ ಬಂದೇವ್ರಿ," ಎಂದು ಕಲ್ಲಯ್ಯ ಕೈಮುಗಿದ.

"ಹೇಳ್ರಿ, ನಾನ."

"ನೀವಲ್ರಿ. ಅವ್ರು." ಕಲ್ಲಯ್ಯ ಭರಮಪ್ಪನ ಕಡೆ ಬೆರಳು ತೋರಿಸಿದ. "ಕೋಟಿನವ್ರು."

ದೊಡ್ಡ ಸಾಹೇಬರ ಮೈಮೇಲೆ ಕೋಟಿರಲಿಲ್ಲ. ಅವರು ಭರಮಪ್ಪನನ್ನು ಒಮ್ಮೆ, ಕೋಟನ್ನು ಒಮ್ಮೆ ನೋಡಿದರು. ರಾಯಪ್ಪ ಹೊರೆ ಇಳಿಸಿ ನೆಲಕ್ಕಿಟ್ಟ. ಅವನಿಗೆ ಜಗಳ ಬೇಕಿರಲಿಲ್ಲ, ಉಪಾಯ ಬೇಕಿತ್ತು.

"ಸಾಹೇಬ್ರ, ನೀವು ಹೇಳಿದಂಗ ಎರಡೂವರಿನೂ ಹಾಕಿದೆ. ಹಳೀ ಹುಲ್ಲು ಪೂರಾ ಹೋತು. ಅರ್ಧ ಎಕರೆ. ಎಮ್ಮಿ ನಾಲ್ಕೂ ಕೊಟಗಿ ಕಂಬ ಕಡಿಯಾಕತ್ತಾವು. ಇನ್ನೂ ಎಷ್ಟು ಹಾಕಲಿ, ಹೇಳ್ರಿ."

ಪ್ರಮಿಳಾ ಮೇಡಂ ನಿಧಾನವಾಗಿ ತಿರುಗಿದರು. "ಎಷ್ಟು ಏನು ಹಾಕೀರಿ?"

"ಉಪ್ರಿ. ಖಡಿ ಉಪ್ಪು."

"ನಾಲ್ಕು ಚೀಲ ಹೋತ್ರಿ," ಎಂದ ಕಲ್ಲಯ್ಯ. "ಮೂರು ನನ್ನವು, ಒಂದು ಖಾನಾಪುರದಿಂದ ತರಿಸಿಕೊಟ್ಟೆ."

ದೊಡ್ಡ ಸಾಹೇಬರು ತಮ್ಮ ಚೀಲದಿಂದ ತಮ್ಮದೇ ಮೀಟರು ತೆಗೆದರು. ಅದರ ಸೆಲ್ಲು ಬದುಕಿತ್ತು. ಎರಡನೇ ಡ್ರಮ್ಮಿಗೆ ಅದ್ದಿದರು, ಸರಿ. ಮೂರನೆಯದು, ಸರಿ. ನಾಲ್ಕನೆಯದೂ ಸರಿ. ಐದನೆಯದಕ್ಕೆ ಅದ್ದಿ, ನೋಡಿ, ಒರೆಸಿ, ಮತ್ತೆ ಅದ್ದಿದರು. ಕೊನೆಗೆ ಬೆರಳು ಅದ್ದಿ ನಾಲಿಗೆಗೆ ಹಚ್ಚಿಕೊಂಡರು.

"ಭರಮಪ್ಪ, ಇದು ಚಹಾಕ್ಕ ಚಲೋ ಐತಲ್ಲ?"

ಭರಮಪ್ಪ ತಾನೂ ಬೆರಳು ಅದ್ದಿದ. ನೀರು ಸಿಹಿಯಾಗಿತ್ತು. ಅವನ ಬದುಕಿನಲ್ಲಿ ಅಷ್ಟು ಸಿಹಿಯಾದದ್ದು ಯಾವುದೂ ಅಷ್ಟು ಕಹಿಯಾಗಿರಲಿಲ್ಲ. ಎಲ್ಲರ ಕಣ್ಣೂ ಅವನ ಮೇಲಿತ್ತು. ಅವನ ಕಣ್ಣು ಬೇವಿನ ಮರದ ಕಡೆ ಹೋಯಿತು.

ಫಕೀರವ್ವ ಕರೆಯುವ ಮೊದಲೇ ಬಂದು ನಿಂತಳು. "ನಾ ಒಂದು ಹರಳೂ ಕದ್ದಿಲ್ರಿ ಯಪ್ಪಾ. ಭರಮಣ್ಣನ ಮಾತಿಗೆ ಒಂದು ಚಿಟಿಕಿ ಹಾಕ್ತಿದ್ದೆ. ಉಳಿದಿದ್ದೆಲ್ಲಾ ತಿರುಗಿ ಚೀಲಕ್ಕ ಸುರುವೇನಿ. ಬೇಕಾರ ತೂಗಿ ನೋಡ್ರಿ."

"ಯಾಕವಾ?" ಎಂದರು ಸಾಹೇಬರು.

"ಸತ್ತ ಮ್ಯಾಲ ರೆಪ್ಪಿಲೆ ಆರಸಬೇಕಾಕ್ಕತಿ ಅಂತಾರ್ರಿ. ನನಗ ಈಗ ಕಣ್ಣಿಗೆ ಪೊರಿ ಬಂದೈತಿ. ಅಲ್ಲಿ ಹ್ಯಾಂಗ ಆರಸಲಿ?"

"ಮತ್ತ ಉಳಿದ ಮೂರು ಡ್ರಮ್ಮಿಂದು?"

"ಅವು ಭರಮಣ್ಣ ಹಾಕಿದ್ದು. ಅವ ಆರಸ್ತಾನ."

ಕಲ್ಲಯ್ಯ ನಗು ತಡೆಯಲು ಟಂಟಂ ಕಡೆಗೆ ನಡೆದ. ಸಾಹೇಬರು ರಜಿಸ್ಟರಿಗೆ ಕೈ ಚಾಚಿದರು. ಭರಮಪ್ಪ ಕೂಸನ್ನು ಕೊಟ್ಟ. ಅವರು ಪುಟ ತಿರುವಿ ಹಾಜರಿಯ ಸಾಲಿನಲ್ಲಿ ಒಂದು ಕಡೆ ಬೆರಳಿಟ್ಟರು. "ಶಿವರಾತ್ರಿ ವಾರದ ಸೋಮವಾರ ನೀವು ರಜಾದಾಗ ಇದ್ರಿ. ಅವತ್ತೂ ಹದಿನಾರು?"

ಭರಮಪ್ಪ ತನ್ನ ಚಪ್ಪಲಿಯ ಉಂಗುಟ ನೋಡುತ್ತಿದ್ದ. ಭೂಮಿ ಬಾಯಿಬಿಡಬಾರದೇ ಎನಿಸಿತು. ಆದರೆ ಆ ಹೊಲದ ಭೂಮಿಗೂ ಅವನಿಗೂ ಅಷ್ಟು ಸಲಿಗೆ ಉಳಿದಿರಲಿಲ್ಲ.

ಪ್ರಮಿಳಾ ಮೇಡಂ ಕೂಗಾಡಿದ್ದರೆ ಚೆನ್ನಾಗಿತ್ತು. ಅವರು ಕೂಗಾಡಲಿಲ್ಲ. "ತಪ್ಪು ಅಳದಿದ್ರ ತಿದ್ದಬೋದಿತ್ತು, ಭರಮಪ್ಪ. ನೀವು ಅಳೀದ ಬರದೀರಿ," ಎಂದು ಹೇಳಿ ಐದನೇ ಸಾಲಿಗೆ ಬೆನ್ನು ಮಾಡಿ ನಿಂತರು.

ರಾಯಪ್ಪ ಎಲ್ಲ ಕೇಳಿಸಿಕೊಂಡಿದ್ದ. ಮೆಲ್ಲಗೆ ಫಕೀರವ್ವನ ಕಡೆ ತಿರುಗಿ, "ನಿನ್ನ ಮಾತು ಆವಾಗ ನನಗ ಯಾರರ ಹೇಳಿದ್ರ ಚಲೋ ಆಗ್ತಿತ್ತವಾ," ಎಂದ. ಆಮೇಲೆ ಸುಟ್ಟ ಹೊರೆಯನ್ನು ಮತ್ತೆ ಹೆಗಲಿಗೇರಿಸಿಕೊಂಡು ಗೇಟಿನ ಕಡೆ ಹೊರಟ. ಅಳಿಯನನ್ನು ಅಳಿಯಾರ ಎನ್ನಲಿಲ್ಲ, ಸಾಹೇಬ್ರ ಎನ್ನಲಿಲ್ಲ. ಏನೂ ಎನ್ನಲಿಲ್ಲ.

ಆ ಸಂಜೆ ಮನೆಯಲ್ಲಿ ಸಂಗವ್ವ ಒಲೆ ಹೊತ್ತಿಸಿರಲಿಲ್ಲ. ಸುದ್ದಿ ಭರಮಪ್ಪನಿಗಿಂತ ಮೊದಲೇ ನಂದಗಡದಿಂದ ಬಂದು ಕೂತಿತ್ತು.

"ನಮ್ಮಪ್ಪನ ಎಮ್ಮಿ ಉಂಡ ಮ್ಯಾಲ ನಿಮಗ ಊಟ," ಎಂದಳು.

ಇದನ್ನು ಅವಳು ಗಾದೆಯಾಗಿ ಹೇಳಲಿಲ್ಲ. ಮರುದಿನ ಭರಮಪ್ಪ ಮೇಡಂ ಟೇಬಲ್ಲಿನ ಮುಂದೆ ಕೈಕಟ್ಟಿ ನಿಂತು, ಹೊಲದ ಬದುವಿನ ಹುಲ್ಲನ್ನು ಕೊಯ್ದುಕೊಳ್ಳಲು ಅಪ್ಪಣೆ ಕೇಳಿದ. ಅದು ಆಳುಗಳು ಹಂಚಿಕೊಳ್ಳುತ್ತಿದ್ದ ಹುಲ್ಲು. ತನ್ನ ಪಾಲನ್ನು ಮೊದಲು ಬಿಟ್ಟುಕೊಟ್ಟವಳು ಫಕೀರವ್ವ. "ತಗೋ ಯಪ್ಪಾ. ಇದಕ್ಕ ಉಪ್ಪು ಹಾಕಿಲ್ಲ," ಎಂದಳು, ಒಳ್ಳೆಯ ಮನಸ್ಸಿನಿಂದಲೇ.

ಅಂದಿನಿಂದ ದಿನ ಬಿಟ್ಟು ದಿನ, ಕೆಲಸ ಮುಗಿದ ಮೇಲೆ, ಹಳೆಯ ಮೋಟರ್ ಸೈಕಲ್ಲಿನ ಎರಡೂ ಬದಿಗೆ ಎರಡು ಹೊರೆ, ಹಿಂದಿನ ಸೀಟಿಗೆ ಒಂದು ಹೊರೆ ಕಟ್ಟಿಕೊಂಡು ಭರಮಪ್ಪ ನಂದಗಡಕ್ಕೆ ಹೊರಟ. ಬಿಳಿ ಕೋಟನ್ನು ಸೀಟಿನ ಮೇಲೆ ಮಡಚಿ ಹಾಕಿ ಹಗ್ಗ ಬಿಗಿದಿದ್ದ. ಹೊಲದಿಂದ ಗಾಡಿಯವರೆಗೆ ಹೊರೆ ಹೊರುವಾಗ ಅದೇ ಕೋಟು ಸಿಂಬೆಯಾಗಿ ತಲೆ ಏರುತ್ತಿತ್ತು. ಖಾನಾಪುರದ ನಾಕೆಯಲ್ಲಿ ಬಾಳೆಹಣ್ಣು ಮಾರುವ ಮುದುಕಿ ಪ್ರತಿ ಸಲ ಮರಾಠಿಯಲ್ಲಿ ಕೇಳುತ್ತಿದ್ದಳು: "ಕಾಯ ಹೋ ಪಾವ್ಣೆ, ಗವತ ಘೇವೂನ ಕುಠೆ?" ಹುಲ್ಲು ತಗೊಂಡು ಎಲ್ಲಿಗೆ ಬೀಗರೇ? "ಸಾಸುರವಾಡಿಲಾ," ಅತ್ತೆಮನೆಗೆ, ಎಂದು ಭರಮಪ್ಪ ಗಾಡಿ ನಿಲ್ಲಿಸದೆ ಹೇಳುತ್ತಿದ್ದ. ಅತ್ತೆಮನೆಗೆ ಪೇಡೆ ಒಯ್ಯುವ ಅಳಿಯಂದಿರನ್ನು ಆ ನಾಕೆ ಕಂಡಿತ್ತು. ಮೇವು ಒಯ್ಯುವವನನ್ನು ಕಂಡದ್ದು ಇದೇ ಮೊದಲು. ಮೂರನೇ ವಾರಕ್ಕೆ ಅವನ ಹಾರ್ನಿನ ಸಪ್ಪಳಕ್ಕೆ ನಾಲ್ಕೂ ಎಮ್ಮೆಗಳು ಒದರತೊಡಗಿದವು. ಆ ಮನೆಯಲ್ಲಿ ಅವನ ಬರವನ್ನು ಬಾಯಿಬಿಟ್ಟು ಸ್ವಾಗತಿಸುತ್ತಿದ್ದವು ಅವು ನಾಲ್ಕೇ.

ಮಾವ ಹೊರೆ ಇಳಿಸಿಕೊಳ್ಳುತ್ತಿದ್ದ. ಕೊಟ್ಟಿಗೆಯ ಗೋಡೆಯ ಮೇಲೆ ಇದ್ದಿಲಿನಿಂದ ಗೆರೆ ಎಳೆಯುತ್ತಿದ್ದ, ಹೊರೆಗೊಂದು. ಅತ್ತೆ ಊಟಕ್ಕೆ ಹಾಕುತ್ತಿದ್ದಳು. ಬಂದವನನ್ನು ಉಪವಾಸ ಕಳಿಸುವ ಮನೆಯಲ್ಲ ಅದು. ಆದರೆ ತಾಟಿನ ಅಂಚಿಗೆ ಎಲ್ಲಕ್ಕಿಂತ ಮೊದಲು ಒಂದು ಚಿಟಿಕೆ ಉಪ್ಪು ಬಡಿಸುವುದು ಪದ್ಧತಿ. ಸತ್ಯವ್ವ ಅದೊಂದನ್ನು ಬಡಿಸುತ್ತಿರಲಿಲ್ಲ. ರೊಟ್ಟಿ ಬರುತ್ತಿತ್ತು, ಪಲ್ಯ ಬರುತ್ತಿತ್ತು, ಶೇಂಗಾ ಹಿಂಡಿ ಬರುತ್ತಿತ್ತು. ಉಪ್ಪಿನ ಜಾಗ ಖಾಲಿ ಇರುತ್ತಿತ್ತು. ಪಲ್ಯ ಎಷ್ಟೇ ಸಪ್ಪೆಯಿರಲಿ, ಕೇಳುವ ಧೈರ್ಯ ಭರಮಪ್ಪನಿಗಾಗಲಿಲ್ಲ. ಆ ಮನೆಯಲ್ಲಿ ಆ ಪದಾರ್ಥದ ಹೆಸರನ್ನು ಅವನ ಬಾಯಿಂದ ಯಾರೂ ಮತ್ತೆ ಕೇಳಲಿಲ್ಲ.

ಮೇ ತಿಂಗಳ ಕೊನೆಗೆ ಪ್ರಮಿಳಾ ಮೇಡಂ ತಾವೇ ನಂದಗಡಕ್ಕೆ ಬಂದರು. ಸುಟ್ಟ ಅರ್ಧ ಎಕರೆಯಲ್ಲಿ ನಡೆದಾಡಿದರು. ಹಳೆಯ ಹುಲ್ಲು ಬುಡಸಹಿತ ಸತ್ತಿ‍ತ್ತು. ಅದರ ನಡುವೆ, ಶಿವರಾತ್ರಿಗೆ ನೆಟ್ಟ ಹನ್ನೊಂದನೇ ನಂಬರಿನ ನೂರು ಕಡ್ಡಿಗಳಲ್ಲಿ ಹದಿನೇಳು ಬುಡ, ತುದಿ ಸುಟ್ಟುಕೊಂಡೂ, ನಡುವಿನಲ್ಲಿ ಗೇಣುದ್ದ ಹಸಿರು ಹಿಡಿದು ನಿಂತಿದ್ದವು. ಮೇಡಂ ಅಲ್ಲಿಯೇ ಕುಕ್ಕರಗಾಲಲ್ಲಿ ಕೂತುಬಿಟ್ಟರು.

"ರಾಯಪ್ಪಾರ, ಯಾವ ದಿನ ಎಷ್ಟು ಉಪ್ಪು ಹಾಕಿದ್ರಿ ಅನ್ನೂದು ನೆನಪೈತೇನ್ರಿ?"

"ನೆನಪ್ಯಾಕ್ರಿ, ಬರದೇನಿ." ರಾಯಪ್ಪ ಅವರನ್ನು ಕೊಟ್ಟಿಗೆಗೆ ಕರೆದೊಯ್ದ. ಹೊರೆಯ ಗೆರೆಗಳಿಗಿಂತ ಮೇಲೆ ಇನ್ನೊಂದು ಸಾಲು ಇದ್ದಿಲ ಗೆರೆಗಳಿದ್ದವು. ಡ್ರಮ್ಮಿಗೊಂದು ಉದ್ದ ಗೆರೆ. ಎರಡೂವರೆ ಮಾಡಿದ ದಿನದಿಂದ ಅದರ ಬಾಜೂಕ್ಕೆ ಒಂದು ಅರ್ಧ ಗೆರೆ. ಸಂತೆಯ ದಿನಕ್ಕೊಂದು ಸೊನ್ನೆ, ವಾರ ತಪ್ಪದ ಹಾಗೆ. ಒಂದು ಕಡೆ ಸೊನ್ನೆಯ ಮುಂದೆ ಗೆರೆಯೇ ಇರಲಿಲ್ಲ.

"ಇದೇನ್ರಿ?"

"ಆ ವಾರ ನನಗ ಜ್ವರ ಬಂದಿತ್ರಿ. ಹಾಕಲಿಲ್ಲ. ಹಾಕದಿದ್ರ ಹ್ಯಾಂಗ ಗೆರಿ ಎಳೀಲಿ?"

ಮೇಡಂ ಮೊಬೈಲಿನಲ್ಲಿ ಗೋಡೆಯ ಚಿತ್ರ ತೆಗೆದರು. ಒಂದು ತೆಗೆದು, ಸರಿಯಾಗಿ ಕಾಣಲೆಂದು ಇನ್ನೊಂದು ತೆಗೆದರು. "ಭರಮಪ್ಪ, ಟೇಪ್ ಹಿಡೀರಿ," ಎಂದರು. ಭರಮಪ್ಪ ಹೋಗಿ ಟೇಪಿನ ತುದಿ ಹಿಡಿದು ಕೂತ. ಹನ್ನೊಂದನೇ ನಂಬರಿಗೆ ಎರಡು ಕಿಲೋ ಉಪ್ಪು ಖರೇನೇ ಬಿದ್ದ ಹೊಲ ಇದೊಂದೇ. ಅದರ ರಜಿಸ್ಟರು ಎಂದರೆ ಎಮ್ಮೆಯ ಕೊಟ್ಟಿಗೆಯ ಗೋಡೆ. ಹದಿನೇಳೂ ಬುಡ ಅಳೆಯುವವರೆಗೆ ಅವನು ತಲೆ ಎತ್ತಲಿಲ್ಲ. ಪ್ರತಿ ಬುಡವನ್ನೂ ಎರಡೆರಡು ಸಲ ಅಳೆದ.

ಜೂನ್ ಎರಡನೇ ವಾರ ಮಿರಗದ ಮಳೆ ಹಿಡಿಯಿತು. ಖಾನಾಪುರದ ಮಳೆ ಬಂತೆಂದರೆ ಅರೆಮನಸ್ಸಿನಿಂದ ಬರುವುದಿಲ್ಲ. ಮೂರು ದಿನ ಸುರಿದು, ಅರ್ಧ ಎಕರೆಯ ಉಪ್ಪನ್ನು ಹಳ್ಳಕ್ಕೆ, ಹಳ್ಳದಿಂದ ಹೊಳೆಗೆ ತೊಳೆದೊಯ್ಯಿತು. ನಾಲ್ಕನೇ ಸಂಜೆ ಭರಮಪ್ಪ ತೊಯ್ದ ಮೂರು ಹೊರೆಯೊಂದಿಗೆ ಬಂದಾಗ ರಾಯಪ್ಪ ಕೊನೆಯ ಗೆರೆ ಎಳೆದು, ಇದ್ದಿಲನ್ನು ಮೂಲೆಗೆ ಎಸೆದ.

"ಇನ್ನ ತರಬ್ಯಾಡ್ರಿ. ಬದುವಿನ್ಯಾಗ ಹಸರು ಎದ್ದೈತಿ. ಎಮ್ಮಿ ಲೆಕ್ಕ ಮುಗೀತು." ಇದ್ದಿಲಿನ ಕೈ ಒರೆಸಿಕೊಂಡು, "ಬರ್ರಿ ಅಳಿಯಾರ, ಉಣ್ಣಾಕ," ಎಂದ.

ಭರಮಪ್ಪ ತಾಟಿನ ಮುಂದೆ ಕೂತ. ಕೂದಲಿನಿಂದ ನೀರು ಮೂಗಿನ ಮೇಲೆ ಇಳಿಯುತ್ತಿತ್ತು. ಸತ್ಯವ್ವ ಒಳಗಿನಿಂದ ಬಂದಳು. ಕೈಯಲ್ಲಿ ರೊಟ್ಟಿ ಇರಲಿಲ್ಲ; ಉಪ್ಪಿನ ಗಡಿಗೆ ಇತ್ತು. ಬಾಗಿ, ಚಿಟಿಕೆ ತೆಗೆದು, ತಾಟಿನ ಅಂಚಿನ ಮೇಲೆ ಹಿಡಿದು ನಿಂತಳು.

"ಎಷ್ಟು ಹಾಕಲ್ರಿ?"

ಹೊಸ್ತಿಲ ಆಚೆ ರಾಯಪ್ಪ ಕೆಮ್ಮಿದ. ಭರಮಪ್ಪ ತಲೆ ತಗ್ಗಿಸಿದ.

"ನಿಮ್ಮ ಕೈಗೆ ಎಷ್ಟು ಬಂದೈತಿ ಅಷ್ಟ ಹಾಕ್ರಿ, ಅತ್ತಿ," ಎಂದ. "ನನಗ ಅಳತಿ ಗೊತ್ತಿಲ್ಲ."